ಕೊಂದವನು ನಾನಲ್ಲ, ಮಹಜರು ಬರೆದವನು
ನೀಲಿ ಪರದೆಯೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಯಾರಿಗೂ ಇವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆಲಸದ ನಡುವೆ ಹೇಳದೆ ಕೇಳದೆ ಬರುತ್ತಾರೆ, ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ಏನನ್ನೋ ಗೊಣಗುತ್ತಾರೆ, ಸೇವ್ ಮಾಡದೆ ಉಳಿದದ್ದನ್ನೆಲ್ಲ ಗುಡಿಸಿಕೊಂಡು ಹೊರಟುಹೋಗುತ್ತಾರೆ. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಕೆಲಸಕ್ಕೆ ಸೇರಿದ ಇವರ ಜಾಗಕ್ಕೆ ಮೈಕ್ರೋಸಾಫ್ಟ್ 2025ರಲ್ಲಿ ಕಪ್ಪು ಪರದೆಯನ್ನು ನೇಮಿಸಿತು. ಹೊಸ ಯಂತ್ರಗಳಲ್ಲಿ ನಿವೃತ್ತಿ, ಹಳೆಯ ಯಂತ್ರಗಳಲ್ಲಿ ಇನ್ನೂ ಹಂಗಾಮಿ ಸೇವೆ. 32 ವರ್ಷ ಒಂದು ದಿನವೂ ರಜೆ ಹಾಕದ, ಒಂದು ಒಳ್ಳೆಯ ಮಾತನ್ನೂ ಕೇಳದ ಈ ಹಿರಿಯರು ಮೊದಲ ಸಲ ಬಾಯಿ ಬಿಟ್ಟಿದ್ದಾರೆ.

ಪ್ರಶ್ನೆ: ಸುತ್ತಿ ಬಳಸದೆ ಕೇಳುತ್ತೇವೆ. ಇಷ್ಟು ವರ್ಷದಲ್ಲಿ ಎಷ್ಟು ಕಂಪ್ಯೂಟರ್ ಕೊಂದಿದ್ದೀರಿ?

ನೀ.ಪ.: ನೋಡಿ, ಶುರುವಿಗೇ ಎಫ್‌ಐಆರ್‌ನಲ್ಲಿ ನನ್ನ ಹೆಸರು ಸೇರಿಸಿಬಿಟ್ಟಿರಿ. ಒಂದನ್ನೂ ಕೊಂದಿಲ್ಲ ಸ್ವಾಮಿ. ಸ್ಥಳಕ್ಕೆ ಹೋಗುವುದು, ಏನಾಗಿದೆ ಎಂದು ನೋಡುವುದು, ಮಹಜರು ಬರೆದಿಟ್ಟು ಬರುವುದು, ನನ್ನ ಡ್ಯೂಟಿ ಇಷ್ಟೇ. ಹೆಣದ ಪಕ್ಕದಲ್ಲಿ ನಿಂತವನೇ ಕೊಲೆಗಾರ ಅನ್ನುವುದಾದರೆ ಊರಿನ ಪೊಲೀಸರೆಲ್ಲ ಇಷ್ಟು ಹೊತ್ತಿಗೆ ಜೈಲಿನಲ್ಲಿರಬೇಕಿತ್ತು.

ಪ್ರಶ್ನೆ: ನೀವು ಬರುವ ತನಕ ಎಲ್ಲ ಚೆನ್ನಾಗಿಯೇ ಇರುತ್ತದಲ್ಲ?

ನೀ.ಪ.: ಚೆನ್ನಾಗಿದೆ ಅಂತ ನೀವು ಅಂದುಕೊಂಡಿರುತ್ತೀರಿ. ಒಂದು ಬ್ರೌಸರ್ ಕೆಟ್ಟರೆ ವಿಂಡೋಸ್ ಅದನ್ನೊಂದನ್ನೇ ಮುಚ್ಚಿ ಮುಂದುವರಿಯುತ್ತದೆ, ನನ್ನನ್ನು ಕರೆಯುವುದಿಲ್ಲ. ಆದರೆ ವಿಂಡೋಸ್‌ನ ತಿರುಳಾದ ಕರ್ನಲ್‌ನ ಒಳಗೇ ಕೂತಿರುವ ಯಾವುದೋ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ? ಅಲ್ಲಿಂದ ಮುಂದೆ ಯಾವ ಲೆಕ್ಕ ಸರಿ, ಯಾವುದು ತಪ್ಪು ಎಂದು ಯಂತ್ರಕ್ಕೇ ಗೊತ್ತಿರುವುದಿಲ್ಲ. ಹಾಗೇ ಓಡಿಸಿದರೆ ನಿಮ್ಮ ಫೈಲುಗಳ ಮೇಲೆ ಕಸ ಬರೆದೀತು. ಅದಕ್ಕೇ ನಿಂತುಬಿಡು ಎಂದು ಆಜ್ಞೆ. ನೀವು ಬರೆಯುತ್ತಿದ್ದ ಅರ್ಧ ಪುಟ ಹೋಯಿತು, ಒಪ್ಪಿದೆ. ಡಿಸ್ಕಿನಲ್ಲಿದ್ದ ಮಗಳ ಮದುವೆಯ ಫೋಟೋಗಳು ಉಳಿದವಲ್ಲ? ಅದಕ್ಕೆ ಇವತ್ತಿನ ತನಕ ಒಬ್ಬರೂ ಥ್ಯಾಂಕ್ಸ್ ಹೇಳಿಲ್ಲ.

ಪ್ರಶ್ನೆ: ನಿಲ್ಲಿಸಲೇಬೇಕಿತ್ತೇ? ನಮ್ಮಲ್ಲಿ ಎಷ್ಟೋ ಕಚೇರಿಗಳು ಒಳಗೆ ಏನೇ ಕೆಟ್ಟಿದ್ದರೂ ಹತ್ತೂವರೆಗೆ ಬಾಗಿಲು ತೆಗೆದು ಐದೂವರೆಗೆ ಹಾಕುತ್ತವೆ.

ನೀ.ಪ.: ಹಾಗೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂನಿಂದ ಒಂದು ಕೇಸು ಹೇಳುತ್ತೇನೆ. 2003ರ ಚುನಾವಣೆ, ಬ್ರಸೆಲ್ಸ್‌ನ ಸ್ಖಾರ್‌ಬೇಕ್ ಎಂಬ ಕಡೆ ಕಂಪ್ಯೂಟರಿನಲ್ಲಿ ಮತ ಎಣಿಕೆ. ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತ ಬಿತ್ತು. ಮತ್ತೆ ಎಣಿಸಿದರೆ ಸರಿಯಾಗಿ 4096 ಮತ ಹೆಚ್ಚು. ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಸಿಗುವ ಸಂಖ್ಯೆ ಅದು, ಅಂದರೆ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಾಗಿದೆ. ಪ್ರೋಗ್ರಾಮಿನಲ್ಲಿ ಹುಡುಕಿದರು, ತಪ್ಪು ಸಿಗಲಿಲ್ಲ. ಕೊನೆಗೆ ಅಂತರಿಕ್ಷದಿಂದ ಬಂದ ಕಾಸ್ಮಿಕ್ ಕಿರಣ ಇದ್ದರೂ ಇರಬಹುದು ಎಂದರು. ಗಮನಿಸಿ, ಆ ಯಂತ್ರ ನಿಲ್ಲಲಿಲ್ಲ. ಎಲ್ಲೂ ಅಳುಕದೆ, ಪೂರ್ಣ ಆತ್ಮವಿಶ್ವಾಸದಿಂದ ತಪ್ಪು ಎಣಿಸಿತು. ಅಂಥವರನ್ನು ನಿಮ್ಮಲ್ಲಿ ದಕ್ಷ ಅಧಿಕಾರಿ ಅನ್ನುತ್ತಾರೆ. ಲೆಕ್ಕ ತಪ್ಪಿದೆ, ಮುಂದೆ ಹೋಗಲಾರೆ ಅಂದವನಿಗೆ ವರ್ಗಾವಣೆ.

ಪ್ರಶ್ನೆ: ಸ್ವಲ್ಪ ಹಿಂದಕ್ಕೆ ಹೋಗೋಣ. ಈ ನೀಲಿ ಸಮವಸ್ತ್ರ ಕೊಟ್ಟವರು ಯಾರು?

ನೀ.ಪ.: ಬಿಲ್ ಗೇಟ್ಸ್ ಅಂತ ಎಲ್ಲರೂ ಹೇಳುತ್ತಾರೆ, ಅಲ್ಲ. ಎನ್‌ಟಿಯಲ್ಲಿ ನನ್ನನ್ನು ಬರೆದವರು ಜಾನ್ ವರ್ಟ್ ಎಂಬ ಎಂಜಿನಿಯರ್. ಅವರು ಕೆಲಸ ಮಾಡುತ್ತಿದ್ದ ಮಿಪ್ಸ್ ಯಂತ್ರ ಆನ್ ಆದಾಗ ನೀಲಿಯ ಮೇಲೆ ಬಿಳಿ ಅಕ್ಷರ ಬರುತ್ತಿತ್ತು, ಕೋಡ್ ಬರೆಯುತ್ತಿದ್ದ ಸ್ಲಿಕ್‌ಎಡಿಟ್ ಎಡಿಟರ್ ಕೂಡ ಅದೇ ಬಣ್ಣದ್ದು. ಕಣ್ಣಿಗೆ ಒಗ್ಗಿದ ಬಣ್ಣ, ನನಗೂ ಅದನ್ನೇ ಉಡಿಸಿದರು. ವಿಂಡೋಸ್ 95ರಲ್ಲಿ ನನ್ನ ಅವತಾರವೇ ಬೇರೆ, ಅದಕ್ಕೆ ಕೊನೆಯ ರೂಪ ಕೊಟ್ಟವರು ರೇಮಂಡ್ ಚೆನ್. ಅದಕ್ಕೂ ಮುಂಚೆ ವಿಂಡೋಸ್ 3.1ರಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿದರೆ ಒಂದು ನೀಲಿ ಸಂದೇಶ ಬರುತ್ತಿತ್ತಲ್ಲ, ಅದರ ಒಕ್ಕಣೆ ಸ್ಟೀವ್ ಬಾಲ್ಮರ್ ಅವರದು. ಆಮೇಲೆ ಕಂಪನಿಯ ಮುಖ್ಯಸ್ಥರೇ ಆದರು. ನಾನು ಮಾತ್ರ ಸೇರಿದ ಹುದ್ದೆಯಲ್ಲೇ ನಿವೃತ್ತನಾದೆ.

ಪ್ರಶ್ನೆ: ಸೇವಾವಧಿಯ ಮರೆಯಲಾಗದ ಕ್ಷಣ?

ನೀ.ಪ.: 1998ರ ಏಪ್ರಿಲ್ 20, ಷಿಕಾಗೊದ ಕಾಮ್‌ಡೆಕ್ಸ್ ಮೇಳ. ಬಿಲ್ ಗೇಟ್ಸ್ ವೇದಿಕೆಯ ಮೇಲೆ, ಇನ್ನೂ ಮಾರುಕಟ್ಟೆಗೆ ಬರದ ವಿಂಡೋಸ್ 98ರ ಪ್ರದರ್ಶನ. ಕ್ರಿಸ್ ಕಪೊಸೆಲ್ಲಾ ಎಂಬ ಸಹೋದ್ಯೋಗಿ ಸ್ಕ್ಯಾನರ್ ಚುಚ್ಚಿ, ನೋಡಿ ಎಷ್ಟು ಸಲೀಸು ಎಂದು ತೋರಿಸಲು ಹೊರಟರು. ನಾನು ಕರ್ತವ್ಯಕ್ಕೆ ಹಾಜರಾದೆ. ಸಭೆಯೆಲ್ಲ ನಗು, ಚಪ್ಪಾಳೆ. ಇದಕ್ಕೇ ಇದನ್ನು ಇನ್ನೂ ಮಾರುತ್ತಿಲ್ಲ ಎನ್ನುವ ಅರ್ಥದ ಮಾತು ಹೇಳಿ ಗೇಟ್ಸ್ ಪಾರಾದರು. ಮಾಲೀಕರ ಮುಂದೆಯೂ ಮುಲಾಜು ನೋಡದೆ ಮಹಜರು ಬರೆದವನು ನಾನು. ಆಮೇಲೆ 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯ ರಾತ್ರಿ ಕ್ರೀಡಾಂಗಣದ ಚಾವಣಿಯ ಮೇಲೂ ಕಾಣಿಸಿಕೊಂಡೆ. ಪ್ರೊಜೆಕ್ಟರಿಗೆ ಚಿತ್ರ ಕಳಿಸುತ್ತಿದ್ದ ಕಂಪ್ಯೂಟರ್ ಕೈಕೊಟ್ಟಿತ್ತು. ಜಗತ್ತು ಬಾಣಬಿರುಸು ನೋಡುತ್ತಿತ್ತು, ಕೆಲವರ ಕ್ಯಾಮೆರಾ ನನ್ನನ್ನು ನೋಡಿತು.

ಪ್ರಶ್ನೆ: ನೀವು ಬಾರದೆ ಇದ್ದ ಕಾಲವೂ ಇತ್ತೇ?

ನೀ.ಪ.: ಇತ್ತು ಎನ್ನುವುದು ಕಷ್ಟ. ವಿಂಡೋಸ್ 95 ಮತ್ತು 98ರಲ್ಲಿ ಒಂದು ದೋಷವಿತ್ತು. ಯಂತ್ರ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಎಣಿಸುವ ಲೆಕ್ಕ 32 ಬಿಟ್‌ನದು. 49.7 ದಿನ ಒಂದೇ ಸಮನೆ ಓಡಿದರೆ ಆ ಲೆಕ್ಕ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ, ಯಂತ್ರ ಸ್ತಬ್ಧವಾಗುತ್ತದೆ. ಅದಕ್ಕೆ ಪರಿಹಾರ ಬಂದದ್ದು 1999ರಲ್ಲಿ. ಯಾಕೆ ಅಷ್ಟು ತಡ? 49 ದಿನ ಒಮ್ಮೆಯೂ ನನ್ನ ಮುಖ ನೋಡದೆ ಯಂತ್ರವೊಂದು ಓಡಿದ್ದು ಅಪರೂಪ. ನಾನಿದ್ದೆ ಎಂದು ಆ ದೋಷ ಯಾರ ಕಣ್ಣಿಗೂ ಬೀಳಲಿಲ್ಲ!

ಪ್ರಶ್ನೆ: ಈಗ ಮನೆಗಳಿಗೆ ಬರೋಣ. ಕಂಪ್ಯೂಟರ್ ದಿಢೀರನೆ ನಿಂತಾಗ ಜನ ಮೊದಲು ಮಾಡುವ ಕೆಲಸ ಯಾವುದು?

ನೀ.ಪ.: ನನ್ನನ್ನು ಬೈಯುವುದು. ಎರಡನೆಯದು, ಮಗ ಯಾವುದೋ ಗೇಮ್ ಹಾಕಿದ್ದಾನೆ ಎಂದು ಮಗನನ್ನು ಬೈಯುವುದು. ಮೂರನೆಯದು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ಬಾಮೈದನಿಗೆ ಫೋನು. ಆತ ಬ್ಯಾಂಕೊಂದರ ತಂತ್ರಾಂಶದ ಟೆಸ್ಟಿಂಗ್ ಮಾಡುವವ, ಸಿಪಿಯು ಡಬ್ಬಿಯ ಮುಚ್ಚಳ ಜನ್ಮದಲ್ಲಿ ಬಿಚ್ಚಿಲ್ಲ. ಆದರೂ ಸಾಫ್ಟ್‌ವೇರ್‌ನಲ್ಲಿದ್ದೇನೆ ಎಂಬ ಮರ್ಯಾದೆಗೆ ಏನಾದರೂ ಹೇಳಲೇಬೇಕಲ್ಲ. ರೀಸ್ಟಾರ್ಟ್ ಮಾಡಿ ಭಾವ ಅನ್ನುತ್ತಾನೆ. ನಾನೇನು ಬರೆದಿದ್ದೆ ಎಂದು ಓದಿದವರು ಈ ಮೂರು ಹಂತದಲ್ಲಿ ಯಾರೂ ಇಲ್ಲ.

ಪ್ರಶ್ನೆ: ಓದಲು ನೀವು ಬಿಟ್ಟರಲ್ಲವೇ? ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತೀರಿ.

ನೀ.ಪ.: ನಾನಾಗಿ ಹೋಗುವುದಿಲ್ಲ, ಹೊರಗೆ ಹಾಕುತ್ತಾರೆ. ತಾನಾಗಿ ರೀಸ್ಟಾರ್ಟ್ ಆಗಲಿ ಎಂದು ವಿಂಡೋಸ್‌ನಲ್ಲಿ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಸಿಸ್ಟಂ ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಅದರಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ ಆ ಟಿಕ್ ತೆಗೆಯಿರಿ, ನೀವು ಫೋಟೋ ತೆಗೆದುಕೊಳ್ಳುವ ತನಕ ನಿಂತಿರುತ್ತೇನೆ. ಫೋಟೋ ಸಿಗದಿದ್ದರೂ ಪರವಾಗಿಲ್ಲ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರ್ ಇದೆ. ನಿಂತ ಕ್ಷಣದಲ್ಲಿ ಒಳಗೆ ಯಾರು ಯಾರು ಇದ್ದರು, ಯಾರ ಕೈ ಎಲ್ಲಿತ್ತು ಎಂಬುದನ್ನು ಬರೆದು ಅಲ್ಲಿ ಇಟ್ಟಿರುತ್ತೇನೆ. ಬ್ಲೂಸ್ಕ್ರೀನ್‌ವ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ ಅದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಆಳಕ್ಕೆ ಇಳಿಯುವವರಿಗೆ ಮೈಕ್ರೋಸಾಫ್ಟಿನದೇ ವಿನ್‌ಡಿಬಿಜಿ ಇದೆ.

ಪ್ರಶ್ನೆ: ಆ ಫೋಲ್ಡರ್ ತೆಗೆದು ನೋಡಿದವರಿಗೆ ಖಾಲಿ ಕಾಣಿಸಿದ್ದೂ ಇದೆ.

ನೀ.ಪ.: ಕಾಣಿಸದೆ ಏನು? ಕಂಪ್ಯೂಟರ್ ಸ್ಲೋ ಆಯಿತು ಎಂದು ಕ್ಲೀನರ್ ಪ್ರೋಗ್ರಾಂ ಹಾಕುತ್ತೀರಿ. ಬೇಡದ ಫೈಲು ಎಂದು ಅದು ಮೊದಲು ಅಳಿಸುವುದರಲ್ಲಿ ನನ್ನ ಮಹಜರೂ ಸೇರಿರುತ್ತದೆ. ಇನ್ನು ಕೆಲವರು ಜಾಗ ಉಳಿಸಲು ಪೇಜ್ ಫೈಲನ್ನೇ ಆಫ್ ಮಾಡಿರುತ್ತಾರೆ. ನಾನು ಮೊದಲು ಬರೆಯುವುದು ಆ ಪೇಜ್ ಫೈಲಿನಲ್ಲಿ, ಯಂತ್ರ ಮತ್ತೆ ಎದ್ದಮೇಲೆ ಅದು ಡಂಪ್ ಫೈಲಾಗುತ್ತದೆ. ಕಾಗದವನ್ನೇ ಕಿತ್ತುಕೊಂಡು ಮಹಜರು ಎಲ್ಲಿ ಅಂದರೆ? ಸಾಕ್ಷ್ಯ ನಾಶಕ್ಕೆ ಬೇರೆ ಕಡೆ ಶಿಕ್ಷೆ ಇದೆ. ನಿಮ್ಮಲ್ಲಿ ಅದಕ್ಕೆ ಹಸಿರು ಬಟನ್ನು, ವರ್ಷಕ್ಕೆ ಇಷ್ಟು ಎಂದು ಚಂದಾ.

ಪ್ರಶ್ನೆ: ಸರಿ, ಕೋಡ್ ಸಿಕ್ಕಿತು ಎಂದುಕೊಳ್ಳಿ. ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್ ಎಂದು ಬರೆಯುತ್ತೀರಿ. ಸಾಮಾನ್ಯರಿಗೆ ಅರ್ಥವಾಗುವ ಭಾಷೆಯೇ ಇದು?

ನೀ.ಪ.: ಪಹಣಿಯಲ್ಲಿ ಬರೆದಿರುವುದೆಲ್ಲ ಅರ್ಥವಾಗುತ್ತದೆಯೇ ನಿಮಗೆ? ಆದರೂ ಜೋಪಾನ ಮಾಡುತ್ತೀರಿ. ಕೋಡ್‌ನ ಪದ ಪದ ಅರ್ಥವಾಗಬೇಕಾಗಿಲ್ಲ. ನಾಲ್ಕು ಸಲ ನಿಂತಿತೇ? ನಾಲ್ಕೂ ಕೋಡ್ ಬರೆದಿಟ್ಟುಕೊಳ್ಳಿ, ಆಮೇಲೆ ಅಕ್ಕಪಕ್ಕ ಇಟ್ಟು ನೋಡಿ. ನಾಲ್ಕೂ ಒಂದೇ ಆಗಿದ್ದು ಒಂದೇ ಡ್ರೈವರ್ ಹೆಸರು ಇದ್ದರೆ ಅನುಮಾನ ಆ ಡ್ರೈವರ್ ಮೇಲೆ. ಇತ್ತೀಚೆಗೆ ಅಪ್‌ಡೇಟ್ ಮಾಡಿದ್ದರೆ ಹಿಂದಿನದಕ್ಕೆ ಮರಳಿ, ಹಳೆಯದಾಗಿದ್ದರೆ ಆ ಭಾಗ ತಯಾರಿಸಿದವರ ತಾಣದಿಂದ ಹೊಸದು ಹಾಕಿ. ನಾಲ್ಕು ಸಲವೂ ಬೇರೆ ಬೇರೆ ಕೋಡ್ ಬಂದರೆ, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಮೊದಲು ರ‍್ಯಾಮ್ ನೋಡಿ. ಮೆಮೊರಿ ಕೆಟ್ಟಿದ್ದಾಗ ಅವತ್ತು ಅಲ್ಲಿ ಯಾರು ಕೂತಿದ್ದರೋ ಅವರು ಬೀಳುತ್ತಾರೆ, ನಾನು ಅವರ ಹೆಸರು ಬರೆಯುತ್ತೇನೆ. ಅದಕ್ಕೇ ಒಂದೇ ಮಹಜರು ನೋಡಿ ಯಾರನ್ನೂ ಗಲ್ಲಿಗೆ ಹಾಕಬೇಡಿ ಎಂದು ಹೇಳುವುದು. ಡಬ್ಲ್ಯೂಎಚ್‌ಇಎ ಎಂದು ಶುರುವಾಗುವ ಕೋಡ್ ಬಂದರೆ ಮಾತ್ರ ದೂರು ಕೊಟ್ಟದ್ದು ಹಾರ್ಡ್‌ವೇರ್ ಎಂದು ತಿಳಿಯಿರಿ. ಅಲ್ಲಿ ಬಿಸಿ, ವೋಲ್ಟೇಜು, ಓವರ್‌ಕ್ಲಾಕಿಂಗ್ ಇವನ್ನು ಮೊದಲು ವಿಚಾರಿಸಬೇಕು.

ಪ್ರಶ್ನೆ: ನಿಮ್ಮ ಸುಳಿವೇ ಇಲ್ಲದೆ, ಸ್ವಿಚ್ ಆರಿಸಿದ ಹಾಗೆ ಫಟ್ಟನೆ ಆಫ್ ಆಗುವುದೂ ಉಂಟು.

ನೀ.ಪ.: ಅದು ನನ್ನ ಸರಹದ್ದೇ ಅಲ್ಲ! ಆದರೂ ಆ ಕೇಸುಗಳನ್ನೂ ನನ್ನ ತಲೆಗೆ ಕಟ್ಟುತ್ತಾರೆ. ಕರೆಂಟೇ ಹೋದಮೇಲೆ ನಾನು ಬರೆಯುವುದು ಯಾವುದರಿಂದ? ಅಂಥ ಕಡೆ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಕೆಂಪು ಸಾಲು ಸಿಗುತ್ತದೆ. ಅದನ್ನು ನೋಡಿದ ಕೂಡಲೇ ಅಯ್ಯೋ 41 ಬಂದಿದೆ ಎಂದು ಗಾಬರಿಯಾಗುತ್ತಾರೆ. ಅದು ಕಾಯಿಲೆಯ ಹೆಸರಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದು ಯಂತ್ರ ಎದ್ದಮೇಲೆ ಬರೆದುಕೊಂಡದ್ದು, ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ ನಾನು ಅಲ್ಲಿಗೆ ಹೋಗೇ ಇಲ್ಲ ಎಂದು ತಿಳಿಯಬಹುದು. ಆಗ ವಿಚಾರಣೆ ಸಾಮಾನ್ಯವಾಗಿ ಎರಡು ಮನೆಯಲ್ಲಿ: ಕರೆಂಟು, ಇಲ್ಲವೇ ಬಿಸಿ.

ಪ್ರಶ್ನೆ: ಒಂದು ಉದಾಹರಣೆ?

ನೀ.ಪ.: ದಾವಣಗೆರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಯಜಮಾನರು ಅಂಗಡಿಗಳ ಲೆಕ್ಕ ಬರೆಯುವವರು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಖು ಹತ್ತಿರ ಬಂದರೆ ಬೆಳಗಿನ ಐದಕ್ಕೇ ಕಂಪ್ಯೂಟರ್ ಮುಂದೆ. ಏಳರಿಂದ ಏಳೂವರೆಯ ಒಳಗೆ ಒಂದು ದಿನ ಬಿಟ್ಟು ಒಂದು ದಿನ ಆಫ್. ವೈರಸ್ ಎಂದು ಆಂಟಿವೈರಸ್ ಬದಲಾಯಿಸಿದರು. ವಿಂಡೋಸ್ ಹೊಸದಾಗಿ ಹಾಕಿಸಿದರು. ಮೇಜು ಈಶಾನ್ಯದಲ್ಲಿದೆ ಎಂದು ಒಬ್ಬರು ಹೇಳಿ ಅದೂ ಆಗ್ನೇಯಕ್ಕೆ ಹೋಯಿತು, ಎಕ್ಸ್‌ಟೆನ್ಷನ್ ಬಾಕ್ಸೂ ಜೊತೆಗೇ ಹೋಯಿತು. ಮತ್ತೆ ಅದೇ ಏಳು ಗಂಟೆ, ಅದೇ ಕಥೆ. ಯಾವಾಗ ಆಫ್ ಆಗುತ್ತದೆ ಎಂದು ಯಾರಾದರೂ ಒಂದು ಚೀಟಿಯಲ್ಲಿ ಬರೆದಿದ್ದರೆ ಎರಡನೇ ದಿನವೇ ಗೊತ್ತಾಗುತ್ತಿತ್ತು. ಅದು ಚಟ್ನಿ ಅರೆಯುವ ಹೊತ್ತು. ಗೋಡೆಯ ಆಚೆ ಅಡುಗೆಮನೆ, ಮಿಕ್ಸಿ ಮತ್ತು ಕಂಪ್ಯೂಟರ್ ಎರಡೂ ಒಂದೇ ಸಡಿಲ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಮಿಕ್ಸಿ ಶುರುವಾದಾಗ ಎಳೆಯುವ ಕರೆಂಟಿಗೆ ಆ ಬಾಕ್ಸಿನ ಕಾಂಟ್ಯಾಕ್ಟ್ ತಡೆಯುತ್ತಿರಲಿಲ್ಲ. ಅವಲಕ್ಕಿಯ ದಿನ ಯಂತ್ರ ಸಂಜೆ ತನಕ ಗಟ್ಟಿಯಾಗಿ ಓಡುತ್ತಿತ್ತು. ಇಡ್ಲಿಯ ದಿನ ಬೀಳುತ್ತಿತ್ತು.

ಪ್ರಶ್ನೆ: ಇನ್ವರ್ಟರ್ ಇದೆ, ನಮಗೇನು ಭಯ ಎನ್ನುವವರಿಗೆ?

ನೀ.ಪ.: ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ನಾರ್ಮಲ್ ಮೋಡ್, ಯುಪಿಎಸ್ ಮೋಡ್ ಎಂದು. ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ಗೆ ಕರೆಂಟ್ ಕಡಿದರೆ ಸುಮಾರು 16 ಮಿಲಿಸೆಕೆಂಡ್ ದಮ್ಮು ಕಟ್ಟಿಕೊಂಡಿರುವ ಶಕ್ತಿ ಇದೆ. ನಾರ್ಮಲ್ ಮೋಡ್‌ನಲ್ಲಿ ಇನ್ವರ್ಟರ್ ಕೈ ಬದಲಾಯಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಫ್ಯಾನು ದೀಪಕ್ಕೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರ್ ಬಿದ್ದುಹೋಗುತ್ತದೆ. ಇನ್ನು ಎಸ್‌ಎಂಪಿಎಸ್ ವಿಷಯ. 12 ವೋಲ್ಟ್ ಲೈನು ಶೇಕಡ 5ರಷ್ಟು ಆಚೀಚೆ ಆಗಬಹುದು, ಅಂದರೆ 11.4ರಿಂದ 12.6. ಅಗ್ಗದ್ದು, ವಯಸ್ಸಾದದ್ದು ಲೋಡ್ ಬಿದ್ದಾಗ ಕೆಳಗೆ ಜಾರುತ್ತದೆ. ಅದಕ್ಕೇ ಸುಮ್ಮನಿದ್ದಾಗ ಚೆನ್ನಾಗಿದ್ದು ಮಗ ಗೇಮ್ ತೆಗೆದ ಕೂಡಲೇ ಆಫ್ ಆಗುವುದು. ಬೇರೆ ಒಳ್ಳೆಯದೊಂದನ್ನು ಎರವಲು ತಂದು ಹಾಕಿ ನೋಡುವುದೇ ಸುಲಭದ ಪರೀಕ್ಷೆ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಅಲ್ಲಿ ನಿಜವಾದ ಮಹಜರೇ ಆಗಿಬಿಟ್ಟೀತು.

ಪ್ರಶ್ನೆ: ಬಿಸಿಯ ವಿಚಾರ?

ನೀ.ಪ.: ಆಯುಧಪೂಜೆಯ ದಿನ ಸಿಪಿಯುಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಹಾರ ಇಳಿಬಿಡುವುದು ಗಾಳಿ ಹೋಗುವ ಕಿಂಡಿಯ ಮೇಲೆಯೇ. ಮಾರನೆಯ ದಿನ ತೆಗೆಯಬಹುದಲ್ಲ? ತಾನಾಗಿ ಒಣಗಿ ಉದುರುವ ತನಕ ಇರುತ್ತದೆ, ಉದುರಿದ ಎಸಳನ್ನು ಫ್ಯಾನು ಒಳಗೆ ಎಳೆದುಕೊಳ್ಳುತ್ತದೆ. ಧೂಳು ಕೂರಬಾರದು ಎಂದು ಕಸೂತಿ ಹಾಕಿದ ಬಟ್ಟೆಯ ಹೊದಿಕೆ ಬೇರೆ. ಮೂರು ಕಡೆ ಮುಚ್ಚಿದ ಕಂಪ್ಯೂಟರ್ ಟೇಬಲ್ಲಿನ ಗೂಡು, ನಾಲ್ಕನೆಯ ಕಡೆಗೆ ಗೋಡೆ. ಪ್ರೊಸೆಸರ್ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತನಕ ಸಹಿಸುತ್ತದೆ. ಆ ಮಿತಿ ಮುಟ್ಟಿದರೆ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ. ಸ್ಲೋ ಆಯಿತು ಎಂದು ನೀವು ಕ್ಲೀನರ್ ಹಾಕುತ್ತೀರಿ. ಅದಕ್ಕೂ ಮೀರಿದರೆ ಸುಟ್ಟುಹೋಗುವ ಬದಲು ತಾನೇ ಆಫ್ ಆಗುತ್ತದೆ. ದಿಢೀರ್ ಎಂದು ನೀವು ದೂರು ಕೊಡುತ್ತೀರಿ. ಉಷ್ಣಾಂಶ ತೋರಿಸುವ ಒಂದು ಪ್ರೋಗ್ರಾಂ ಹಾಕಿ ನೋಡಿ, ಬ್ಲೋಯರ್ ಹಿಡಿದು ಧೂಳು ತೆಗೆಸಿ, ವರ್ಷಗಟ್ಟಲೆ ಆಗಿದ್ದರೆ ಹೀಟ್‌ಸಿಂಕ್ ಅಡಿಯ ಥರ್ಮಲ್ ಪೇಸ್ಟ್ ಬದಲಾಯಿಸಿ.

ಪ್ರಶ್ನೆ: ರ‍್ಯಾಮ್ ತೆಗೆದು ರಬ್ಬರ್‌ನಿಂದ ಉಜ್ಜಿ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮೂಢನಂಬಿಕೆಯೇ?

ನೀ.ಪ.: ಅಲ್ಲ, ಎಷ್ಟೋ ಸಲ ಕೆಲಸ ಮಾಡುತ್ತದೆ. ಅಂಚಿನ ಚಿನ್ನದ ಬಣ್ಣದ ಕಾಂಟ್ಯಾಕ್ಟುಗಳ ಮೇಲೆ ಕೊಳೆ ಕೂತಿರುತ್ತದೆ, ತೆಗೆದು ಹಾಕುವುದರಲ್ಲೇ ಅರ್ಧ ಗುಣ. ಆದರೆ ಅದು ತಾಗದಿದ್ದಕ್ಕೆ ಮದ್ದು, ಒಳಗೇ ಕೆಟ್ಟ ಚಿಪ್ಪಿಗೆ ಅಲ್ಲ. ಅದನ್ನು ಪತ್ತೆ ಮಾಡಲು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿ, ಒಂದು ತಪ್ಪು ಬಂದರೂ ಅದು ತಪ್ಪೇ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೆಟ್ಟದ್ದು ರ‍್ಯಾಮೋ ಸ್ಲಾಟೋ ಎಂದು ಆಗಲೇ ಗೊತ್ತಾಗುವುದು. ಹಾರ್ಡ್ ಡಿಸ್ಕಿಗೆ ಸ್ಮಾರ್ಟ್ ವರದಿ ಇದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಕಾಣುತ್ತದೆ. ಅದು ಎಚ್ಚರಿಕೆ ಕೊಟ್ಟರೆ ಪತ್ತೇದಾರಿ ಆಮೇಲೆ, ಮೊದಲು ಬ್ಯಾಕಪ್.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಅಂಗಡಿಯವನ ಹತ್ತಿರ ಕೊಟ್ಟರೆ ಫಾರ್ಮ್ಯಾಟ್ ಮಾಡಿ ಸಂಜೆಗೆ ಕೊಡುತ್ತಾನೆ.

ನೀ.ಪ.: ಬಂತಲ್ಲ ಸರ್ವರೋಗಹರ! ಪ್ರಿಂಟರ್ ಓಡದಿದ್ದರೂ ಫಾರ್ಮ್ಯಾಟ್, ಫ್ಯಾನ್ ಶಬ್ದ ಮಾಡಿದರೂ ಫಾರ್ಮ್ಯಾಟ್. ಸಾಫ್ಟ್‌ವೇರ್ ಕೆಟ್ಟಿದ್ದರೆ ಅದರಿಂದ ಸರಿಹೋಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಸಡಿಲ ಪ್ಲಗ್ಗನ್ನು ಯಾವ ಫಾರ್ಮ್ಯಾಟ್ ಬಿಗಿ ಮಾಡುತ್ತದೆ? ಪೊಲೀಸರು ಬರುವ ಮೊದಲೇ ಮನೆ ತೊಳೆದು ಸುಣ್ಣ ಹೊಡೆಸಿದ ಹಾಗೆ, ನನ್ನ ಮಹಜರುಗಳೂ ಅದರಲ್ಲೇ ಹೋಗುತ್ತವೆ. ಅಂಗಡಿಯಲ್ಲಿ ಬೇರೆ ಕರೆಂಟು, ತಂಪು ಗಾಳಿ, ಮುಚ್ಚಳ ಬಿಚ್ಚಿಟ್ಟ ಡಬ್ಬಿ. ಅಲ್ಲಿ ಚೆನ್ನಾಗಿ ಓಡುತ್ತದೆ. ಮನೆಗೆ ತಂದು ಗೂಡಿಗೆ ತುರುಕಿ ಕಸೂತಿ ಹೊದಿಸಿದ ಮೇಲೆ ಮತ್ತೆ ನಿಲ್ಲುತ್ತದೆ. ಜೊತೆಗೆ ಹೊಸ ವಿಂಡೋಸ್ ಎಂದು ಹಾಕಿದ್ದು ಕದ್ದ ಪ್ರತಿಯಾಗಿದ್ದರೆ, ಅದನ್ನು ಅಸಲಿ ಎಂದು ನಂಬಿಸುವ ಆಕ್ಟಿವೇಟರ್ ಕೂಡ ಒಳಗೆ ಬಂದಿರುತ್ತದೆ. ಅದು ಇನ್ನೇನೇನನ್ನು ಕರೆತಂದಿದೆ ಎಂದು ತಂದವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ನಿಮ್ಮ ಪ್ರಕಾರ ಸರಿಯಾದ ದಾರಿ?

ನೀ.ಪ.: ಮೊದಲು ಬ್ಯಾಕಪ್. ಆಮೇಲೆ ಯಾವಾಗ, ಏನು ಮಾಡುವಾಗ, ಯಾವ ಕೋಡ್ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆಯುವುದು. ಬರೆಯಲು ಬೇಜಾರಾದರೆ ವಿಂಡೋಸ್‌ನಲ್ಲೇ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ದಿನದಿಂದ ಬೀಳುವುದು ಶುರುವಾಯಿತು ಎಂದು ತಾರೀಖಿನ ಸಮೇತ ತೋರಿಸುತ್ತದೆ. ಸೇಫ್ ಮೋಡ್‌ನಲ್ಲಿ ಓಡಿಸಿ ನೋಡಿ. ಅಲ್ಲಿ ನಿಲ್ಲದೆ ಓಡಿದರೆ ಅನುಮಾನ ಡ್ರೈವರುಗಳ ಕಡೆ ತಿರುಗುತ್ತದೆ, ಅಲ್ಲೂ ಬಿದ್ದರೆ ಹಾರ್ಡ್‌ವೇರ್ ಕಡೆ. ಕೊನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ, ನಂತರ ಎರಡು ದಿನ ಕಾಯಿರಿ. ನೀವು ಒಂದೇ ಭಾನುವಾರ ರ‍್ಯಾಮ್, ಆಂಟಿವೈರಸ್, ಪ್ಲಗ್, ದಿಕ್ಕು ನಾಲ್ಕನ್ನೂ ಬದಲಾಯಿಸುತ್ತೀರಿ. ಸರಿಹೋದರೆ ಯಾವುದರಿಂದ ಎಂದು ಗೊತ್ತಿಲ್ಲ, ಮತ್ತೆ ಕೆಟ್ಟರೆ ಯಾಕೆ ಎಂದು ಗೊತ್ತಿಲ್ಲ. ಆಮೇಲೆ ಯಶಸ್ಸು ದಿಕ್ಕಿನ ಪಾಲಾಗುತ್ತದೆ.

ಪ್ರಶ್ನೆ: 2024ರ ಜುಲೈ 19ರ ಬಗ್ಗೆ ಕೇಳದೆ ಹೋದರೆ ಓದುಗರು ಬಿಡುವುದಿಲ್ಲ.

ನೀ.ಪ.: ಅವತ್ತಿನಷ್ಟು ಓವರ್‌ಟೈಮ್ ಯಾವತ್ತೂ ಮಾಡಿಲ್ಲ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರವೇ ಸುಮಾರು 85 ಲಕ್ಷ ಯಂತ್ರಗಳು. ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಅದು ಶೇಕಡ ಒಂದಕ್ಕೂ ಕಡಿಮೆ, ಆದರೆ ಆ ಒಂದರಲ್ಲಿ ಆಸ್ಪತ್ರೆ, ಬ್ಯಾಂಕು, ವಿಮಾನ ಎಲ್ಲ ಇದ್ದವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಸರತಿ ಸಾಲು ಬೆಳೆಯಿತು, ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾರಣ ಕೇಳಿದರೆ ನಗು ಬರುತ್ತದೆ. ಯಂತ್ರಗಳನ್ನು ಕಾಯಲು ಕೂರಿಸಿದ್ದ ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಒಂದು ಅಪ್‌ಡೇಟ್ ಬಂತು. 20 ಇನ್‌ಪುಟ್ ಮಾತ್ರ ಇದ್ದ ಕಡೆ ಅದು 21ನೆಯದನ್ನು ಓದಲು ಹೋಯಿತು. ತನ್ನದಲ್ಲದ ಮೆಮೊರಿ, ನನಗೆ ಕರೆ. ಒಂದು ಫೈಲ್ ಅಳಿಸಿದರೆ ಮುಗಿಯುವ ಕೆಲಸ, ಆದರೆ ಎಷ್ಟೋ ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕೂತು ಸೇಫ್ ಮೋಡ್‌ಗೆ ಹೋಗಿ ಅಳಿಸಬೇಕಾಯಿತು. ತಪ್ಪು ಮಾಡಿದ್ದು ಕಾವಲುಗಾರ. ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಫೋಟೋ ಬಂದಿದ್ದು ನನ್ನದು.

ಪ್ರಶ್ನೆ: ನಡುವೆ ನಿಮಗೆ ಜನಸ್ನೇಹಿ ಮುಖ ಕೊಡುವ ಪ್ರಯತ್ನವೂ ನಡೆಯಿತು.

ನೀ.ಪ.: 2012ರಲ್ಲಿ ವಿಂಡೋಸ್ 8 ಬಂದಾಗ ನನ್ನ ವಿವರಗಳಲ್ಲಿ ಬಹುಪಾಲು ಕಿತ್ತು, ಮುಖ ಬಾಡಿಸಿಕೊಂಡ ಒಂದು ಚಿಹ್ನೆ ಅಂಟಿಸಿದರು. 2016ರಲ್ಲಿ ಕ್ಯೂಆರ್ ಕೋಡ್ ಸೇರಿಸಿದರು. ಸ್ಕ್ಯಾನ್ ಮಾಡಿದರೆ ಯಾವ ಕೇಸಾದರೂ ಅದೇ ಒಂದು ಸಾಮಾನ್ಯ ಸಹಾಯದ ಪುಟ. ಕಾಗದ ಕಡಿಮೆ ಮಾಡಿ ವಿಷಾದ ಹೆಚ್ಚು ಮಾಡುವುದನ್ನು ಆಡಳಿತ ಸುಧಾರಣೆ ಅನ್ನುತ್ತಾರಂತೆ. ವಿಷಾದ ಕಟ್ಟಿಕೊಂಡು ಮನೆಯವರು ಏನು ಮಾಡುತ್ತಾರೆ? ಡ್ರೈವರ್ ಹೆಸರು ಹೇಳಿ ಸ್ವಾಮಿ!

ಪ್ರಶ್ನೆ: ನಿಮ್ಮ ಜಾಗಕ್ಕೆ ಬಂದ ಕಪ್ಪು ಪರದೆಯ ಬಗ್ಗೆ?

ನೀ.ಪ.: ಹುಡುಗ ಕೆಟ್ಟವನಲ್ಲ. ಆ ಬಾಡಿದ ಮುಖವನ್ನೂ ಕ್ಯೂಆರ್ ಕೋಡನ್ನೂ ಬಿಟ್ಟು ಬಂದಿದ್ದಾನೆ, ಸ್ಟಾಪ್ ಕೋಡ್ ಹೇಳುತ್ತಾನೆ, ಸಿಕ್ಕಿಬಿದ್ದ ಡ್ರೈವರ್ ಹೆಸರೂ ಹೇಳುತ್ತಾನೆ. ನನಗೆ ಒಂದೇ ಚಿಂತೆ, ಬಣ್ಣದ್ದು. ನಾನು ಬಂದರೆ ಅಡುಗೆಮನೆಯಿಂದಲೇ ಗೊತ್ತಾಗುತ್ತಿತ್ತು. ಕಪ್ಪಾದರೆ ಕರೆಂಟ್ ಹೋಯಿತೋ, ಮಾನಿಟರ್ ಕೇಬಲ್ ಕಳಚಿತೋ, ಯಂತ್ರ ನಿದ್ದೆಗೆ ಹೋಯಿತೋ, ಇವನು ಬಂದನೋ ಎಂದು ಹತ್ತಿರ ಬಂದು ನೋಡಬೇಕು. ಇರಲಿ, ಹಾಗಾದರೂ ಹತ್ತಿರ ಬಂದು ಓದಿದರೆ ಒಳ್ಳೆಯದೇ.

ಪ್ರಶ್ನೆ: ಇಷ್ಟು ಸೇವೆ ಸಲ್ಲಿಸಿದ ನಿಮಗೆ ನಮ್ಮ ಬಡಾವಣೆಯ ಸಂಘದಿಂದ ಒಂದು ಸನ್ಮಾನ ಇಟ್ಟುಕೊಳ್ಳೋಣ ಎಂದಿದ್ದೇವೆ. ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ.

ನೀ.ಪ.: ಹಣ್ಣು ಮಕ್ಕಳಿಗೆ ಕೊಡಿ. ಶಾಲಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಸಂಘದ ಲೆಕ್ಕಪತ್ರ ಅದರಲ್ಲಿ ನಕಲು ಮಾಡಿಡಿ. ಶಾಲು, ಹಾರ ಮಾತ್ರ ಖಂಡಿತ ಬೇಡ. ಸಮಾರಂಭ ಮುಗಿದ ಮೇಲೆ ಯಾರಾದರೂ ಅವನ್ನು ಮನೆಗೆ ಒಯ್ದು ಸಿಪಿಯು ಮೇಲೆ ಹೊದಿಸುತ್ತಾರೆ.